ನಮ್ಮ ಮಳೆಗೆ ಯಾವ ಡೊಳ್ಳು ಬುಡದ ಗಿಡ? ಹಾಸನ, ಚಿಕ್ಕಮಗಳೂರಿನ ಮನೆಗಳಿಗೆ ಒಂದು ಹೋಲಿಕೆ

ಅರಸೀಕೆರೆಯಲ್ಲಿರುವ ನನ್ನ ಅಕ್ಕ ಮತ್ತು ನಾನು ಒಂದೇ ದಿನ, ಒಂದೇ ನರ್ಸರಿಯಿಂದ ಬುಡ ಊದುವ ಹೂಗಿಡ ಅಡೀನಿಯಮ್‌ನ ಎರಡು ಸಸಿ ತಂದಿದ್ದೆವು. ಎರಡೂ ಒಂದೇ ತಟ್ಟೆಯಲ್ಲಿ ಮೊಳೆತವು. ಅವಳ ಗಿಡ ಈಗ ಚಿಕ್ಕ ಕುಂಬಳಕಾಯಿಯಷ್ಟು ಬುಡ ಬಿಟ್ಟಿದೆ, ಬೇಸಿಗೆ ಬಂದರೆ ಎಲೆ ಕಾಣದಷ್ಟು ಹೂ. ಚಿಕ್ಕಮಗಳೂರಿನ ನನ್ನ ಮನೆಯಲ್ಲಿದ್ದದ್ದು ಎರಡನೇ ವರ್ಷದ ಪುಷ್ಯ ಮಳೆಯಲ್ಲಿ ಹೋಯಿತು. ಬುಡ ಒತ್ತಿದರೆ ಕೊಳೆತ ಬಾಳೆಹಣ್ಣಿನ ಹಾಗೆ ಬೆರಳು ಒಳಗಿಳಿಯಿತು. ಫೋನ್ ಮಾಡಿದಾಗ ಅಕ್ಕ ಕೇಳಿದ್ದು ಒಂದೇ ಮಾತು. "ಮಳೆಗಾಲದಲ್ಲೂ ನೀರು ಹಾಕ್ತಿದ್ದೆಯೇನೇ?" ಹೌದು, ಹಾಕುತ್ತಿದ್ದೆ. ವಾರಕ್ಕೆ ಒಂದೇ ಲೋಟ.

ಎರಡು ಮನೆಗಳ ನಡುವೆ ನೂರು ಕಿಲೋಮೀಟರ್ ಕೂಡ ಇಲ್ಲ. ಆದರೆ ನಮ್ಮ ಎರಡು ಜಿಲ್ಲೆಗಳು ಹೇಗಿವೆ ಅಂತ ನಿಮಗೇ ಗೊತ್ತು. ಕಡೂರು, ಅರಸೀಕೆರೆ ಕಡೆ ವರ್ಷದ ಮಳೆ 600ರಿಂದ 700 ಮಿಲಿಮೀಟರ್ ಆಸುಪಾಸು. ಕೊಪ್ಪ, ಶೃಂಗೇರಿ ಕಡೆ ಹೋದರೆ ಅದರ ನಾಲ್ಕು ಪಟ್ಟಿಗೂ ಮೇಲೆ. ಹಳೇಬೀಡಿನಲ್ಲಿ ಬಿಸಿಲು ಕಾಯುತ್ತಿರುವಾಗಲೇ ಸಕಲೇಶಪುರದಲ್ಲಿ ಕೊಡೆ ಬಿಚ್ಚಬೇಕು. ಹಾಗಾಗಿ "ಮನೆಯೊಳಗೆ ಬೆಳೆಸಲು ಸುಲಭ, ನೀರೇ ಬೇಡ" ಎಂದು ಎಲ್ಲೋ ಓದಿ ಗಿಡ ತರುವ ಮೊದಲು, ನಮ್ಮ ಊರಿನ ಆಕಾಶಕ್ಕೆ ಅದು ಒಗ್ಗುತ್ತದೆಯೇ ಎಂದು ನೋಡಬೇಕು. ಆರೇಳು ವರ್ಷ ಇಂಥ ಗಿಡಗಳನ್ನು ಬೆಳೆಸಿ, ಕೆಲವನ್ನು ಕಳೆದುಕೊಂಡು ನಾನು ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಡೊಳ್ಳು ಬುಡ ಅಂದರೆ

ಕಾಡೆಕ್ಸ್ ಎಂದು ಕರೆಯುವುದು ಗಿಡದ ಊದಿಕೊಂಡ ಬುಡವನ್ನು. ಕೆಲವಕ್ಕೆ ಅದು ಕಾಂಡ, ಕೆಲವಕ್ಕೆ ಬೇರು, ಇನ್ನು ಕೆಲವಕ್ಕೆ ಎರಡೂ ಸೇರಿದ್ದು. ಮಳೆ ಬಂದಾಗ ನೀರನ್ನೂ ಹಿಟ್ಟನ್ನೂ ಅಲ್ಲಿ ತುಂಬಿಕೊಂಡು, ಬರದ ತಿಂಗಳುಗಳಲ್ಲಿ ಎಲೆ ಉದುರಿಸಿ ಮಲಗಿಬಿಡುತ್ತದೆ. ಬಯಲುಸೀಮೆಯ ಹಿರಿಯರು ರಾಗಿ ತುಂಬಿಡುತ್ತಿದ್ದ ಹಗೇವು ನೆನಪಿದೆಯಾ? ಇದೂ ಅದೇ. ಹಗೇವನ್ನು ವರ್ಷಗಟ್ಟಲೆ ತೆರೆಯದಿದ್ದರೂ ರಾಗಿಗೆ ಏನೂ ಆಗುತ್ತಿರಲಿಲ್ಲ. ಒಳಗೆ ನೀರು ಜಿನುಗಿತೋ, ಅಷ್ಟೂ ಕೆಡುತ್ತಿತ್ತು.

ನಾವು ಎಡವುವುದು ಇಲ್ಲೇ. "ಬರ ತಡೆಯುವ ಗಿಡ" ಎಂದು ಕೇಳಿದ ಕೂಡಲೇ, ನೀರು ಹಾಕಲು ಮರೆತರೂ ಬದುಕುತ್ತದೆ ಎಂದಷ್ಟೇ ತಿಳಿದುಕೊಳ್ಳುತ್ತೇವೆ. ಈ ಗಿಡಗಳಿಗೆ ವರ್ಷದಲ್ಲಿ ಕೆಲವು ತಿಂಗಳು ಬರ *ಬೇಕು*. ಮಲಗಿರುವಾಗ ಬೇರು ನೀರು ಎಳೆಯುವುದಿಲ್ಲ. ಹಾಕಿದ ನೀರು ಮಣ್ಣಿನಲ್ಲೇ ನಿಂತು ಗಾಳಿಯನ್ನು ಹೊರಗೆ ತಳ್ಳುತ್ತದೆ. ಉಸಿರು ಕಟ್ಟಿದ ಬೇರಿಗೆ ಕೊಳೆ ಹತ್ತುತ್ತದೆ. ಕೊಳೆಯ ವಿಷಯ ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಅಡಿಕೆಯಲ್ಲಿ ಕಂಡಿದ್ದೇವೆ, ಕಾಳುಮೆಣಸಿನಲ್ಲಿ ಕಂಡಿದ್ದೇವೆ. ಕಾಫಿಯಲ್ಲಿ ಕೊಳೆ ತರುವ ಶಿಲೀಂಧ್ರಕ್ಕಂತೂ ವಿಜ್ಞಾನಿಗಳು ಹಿಂದೆ ನಮ್ಮ ಕನ್ನಡದ ಮಾತನ್ನೇ ಎತ್ತಿಕೊಂಡು 'ಕೊಳೆರೋಗ ನಾಕ್ಸಿಯಾ' ಎಂದು ಹೆಸರಿಟ್ಟಿದ್ದರು.

ಹಾಗಾಗಿ ಗಿಡ ಆರಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಇದು ಯಾವ ತಿಂಗಳಲ್ಲಿ ಮಲಗುತ್ತದೆ? ಎಷ್ಟು ಚೆಂದ, ಎಷ್ಟು ಬೆಲೆ ಎಂಬುದೆಲ್ಲ ಆಮೇಲೆ.

ಅಡೀನಿಯಮ್: ಬಿಸಿಲಿದ್ದವರಿಗೆ ಮಾತ್ರ

ಎಲ್ಲ ನರ್ಸರಿಗಳಲ್ಲೂ ಸಿಗುವುದು ಇದೇ. ಆಫ್ರಿಕಾದ ಸಹಾರಾ ಮರುಭೂಮಿಯ ದಕ್ಷಿಣದ ಅಂಚು ಮತ್ತು ಅರೇಬಿಯಾ ಇದರ ತವರು. ನಮ್ಮ ಕಣಗಿಲೆ, ದೇವಕಣಗಿಲೆ ಇರುವ ಕುಟುಂಬದ್ದೇ. ಕೊಂಬೆ ಮುರಿದರೆ ಬರುವ ಹಾಲು ಕಣಗಿಲೆಯದರ ಹಾಗೆಯೇ ವಿಷ. ಆಫ್ರಿಕಾದ ಕೆಲವು ಕಡೆ ಅದನ್ನು ಬಾಣದ ತುದಿಗೆ ಹಚ್ಚುತ್ತಿದ್ದರು. ಕೊಂಬೆ ಸವರಿದ ಮೇಲೆ ಕೈ ಚೆನ್ನಾಗಿ ತೊಳೆಯಿರಿ, ಕಣ್ಣು ಮುಟ್ಟಬೇಡಿ.

ಇದು ಬೆಚ್ಚಗಿನ ಕಾಲದಲ್ಲಿ ಬೆಳೆದು, ಚಳಿಯಲ್ಲಿ ಎಲೆ ಉದುರಿಸುತ್ತದೆ. ಬೆಳೆಯುವಾಗ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದಲ್ಲಿ ಅಷ್ಟು ಬಿಸಿಲು ಎಲ್ಲಿಂದ ತರುವುದು? ಬೆಚ್ಚಗೂ ಇಲ್ಲ, ಬೆಳಕೂ ಇಲ್ಲ, ಗಾಳಿ ತುಂಬ ತೇವ. ಗಿಡಕ್ಕೆ ಎದ್ದಿರಬೇಕೋ ಮಲಗಬೇಕೋ ತಿಳಿಯುವುದಿಲ್ಲ. ಕೊಂಬೆ ಸಣ್ಣಗೆ ಉದ್ದವಾಗಿ ಎಳೆದುಕೊಳ್ಳುತ್ತದೆ, ಬುಡ ಊದುವುದಿಲ್ಲ, ಒಂದು ಲೋಟ ನೀರು ಜಾಸ್ತಿ ಆದರೂ ಕೊಳೆಯುತ್ತದೆ.

ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು, ಬಾಣಾವರದ ಕಡೆಯವರು ಧೈರ್ಯವಾಗಿ ತನ್ನಿ. ಪೂರ್ವದ ಕಿಟಕಿಯ ಬಳಿ, ಇನ್ನೂ ಒಳ್ಳೆಯದೆಂದರೆ ಜಗಲಿಯಲ್ಲಿ ಇಡಿ. ಹಾಸನ ಪಟ್ಟಣದವರು ಮನೆ ನೋಡಿ ತೀರ್ಮಾನಿಸಬೇಕು. ಮಲೆನಾಡಿನವರಿಗೆ ಬೇಡ ಎಂದೇ ನನ್ನ ಮಾತು. ಬೇಕೇ ಬೇಕು ಎಂದರೆ ಮೃಗಶಿರ ಮಳೆ ಹಿಡಿದ ದಿನ ನೀರು ನಿಲ್ಲಿಸಿ, ಎಲೆ ಉದುರಿದರೂ ಬಿಟ್ಟುಬಿಡಿ.

ಕೊಳ್ಳುವಾಗ ಒಂದು ಮಾತು. ಬೀಜದಿಂದ ಬಂದ ಗಿಡಕ್ಕೆ ಬುಡ ಚೆನ್ನಾಗಿ ಊದುತ್ತದೆ. ಕೊಂಬೆ ನೆಟ್ಟು ಬೆಳೆಸಿದ್ದಕ್ಕೆ ಅಂಥ ಬುಡ ಬರುವುದು ಕಷ್ಟ.

ಪೋನಿಟೇಲ್ ಪಾಮ್: ಯಾರಿಗಾದರೂ

ಹೆಸರಲ್ಲಿ ಪಾಮ್ ಇದ್ದರೂ ಇದು ತಾಳೆ ಜಾತಿಯದಲ್ಲ. ಇದರ ಕುಟುಂಬ ಶತಾವರಿಯದು, ನಮ್ಮ ಮಜ್ಜಿಗೆ ಗಡ್ಡೆಯದು. ಶತಾವರಿ ಮಣ್ಣೊಳಗೆ ಗಡ್ಡೆ ಕಟ್ಟುವಂತೆ ಇದು ಮಣ್ಣಿನ ಮೇಲೆ ಬುಡ ಊದಿಸುತ್ತದೆ. ತವರು ಪೂರ್ವ ಮೆಕ್ಸಿಕೊ. ಅಲ್ಲಿನ ಕಾಡಿನಲ್ಲಿ ಇದಕ್ಕೆ ಕುತ್ತು ಬಂದಿರುವುದರಿಂದ 2017ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟೀಸ್ (ಅಳಿವಿನ ಭಯವಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ) ಒಪ್ಪಂದದ ನಿಯಂತ್ರಣವಿದೆ. ನರ್ಸರಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಬೀಜದಿಂದ ಬೆಳೆಸಿದ ಗಿಡಗಳೇ.

ಇದು ಎಲೆ ಉದುರಿಸಿ ಮಲಗುವುದಿಲ್ಲ. ಬೆಳಕು, ಬಿಸಿ ಕಡಿಮೆಯಾದರೆ ಬೆಳವಣಿಗೆ ನಿಧಾನ ಮಾಡುತ್ತದೆ, ಅಷ್ಟೇ. ಬೆಕ್ಕು ನಾಯಿ ಕಚ್ಚಿದರೂ ವಿಷವಿಲ್ಲ. ಹೊಸದಾಗಿ ಶುರು ಮಾಡುವವರು, ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಬೇರೆ ಯೋಚನೆಯೇ ಮಾಡಬೇಡಿ, ಇದನ್ನು ತನ್ನಿ. ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೀರು. ಎಲೆಯ ಅಂಚು ಗರಗಸದ ಹಾಗಿದೆ, ಮುಖದ ಮಟ್ಟದಲ್ಲಿ ಇಡಬೇಡಿ.

ಆನೆಪಾದ: ನನ್ನ ಆಯ್ಕೆ

ಈ ಗಿಡದ ಬಗ್ಗೆ ಉದ್ದ ಬರೆಯುತ್ತೇನೆ, ಯಾಕೆಂದರೆ ಮಲೆನಾಡಿನ ಮನೆಗೆ ಇಷ್ಟು ಚೆನ್ನಾಗಿ ಹೊಂದುವ ಇನ್ನೊಂದು ಡೊಳ್ಳು ಬುಡ ನನಗೆ ಸಿಕ್ಕಿಲ್ಲ. ಆದರೂ ನಮ್ಮ ಕಡೆ ಇದನ್ನು ಬೆಳೆಸುವವರು ಕಾಣುವುದಿಲ್ಲ.

ಹೆಸರು ಡಯೊಸ್ಕೊರಿಯಾ ಎಲಿಫ್ಯಾಂಟಿಪೀಸ್. ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶದ್ದು. ನಾವು ಬೇಯಿಸಿ ತಿನ್ನುವ ಹೆಗ್ಗೆಣಸಿನ ಸ್ವಂತ ಸಂಬಂಧಿ, ಒಂದೇ ಪಂಗಡ. ಮಣ್ಣಿನ ಮೇಲೆ ಅರ್ಧ ಗೋಳದಂಥ ಗಡ್ಡೆ. ಅದರ ತೊಗಟೆ ವಯಸ್ಸಾದಂತೆ ಒಡೆದು, ಬೇಸಿಗೆಯಲ್ಲಿ ಬತ್ತಿದ ಕೆರೆಯ ತಳದ ಹಾಗೆ ಹೋಳು ಹೋಳಾಗುತ್ತದೆ. ಆ ಹೋಳುಗಳು ಬಿರಡೆಯಂತೆ ಗಟ್ಟಿ, ಹಗುರ. ನೆತ್ತಿಯಿಂದ ಒಂದು ತೆಳ್ಳನೆಯ ಬಳ್ಳಿ ಎದ್ದು, ಹೃದಯದಾಕಾರದ ಪುಟ್ಟ ಎಲೆಗಳನ್ನು ಬಿಡುತ್ತದೆ. ಬಳ್ಳಿ ಎರಡು ಮೂರು ಅಡಿ ದಾಟುವುದು ಒಂದೆರಡು ವಾರದ ಕೆಲಸ. ಕಿಟಕಿಯ ಸರಳಿಗೆ ಒಂದು ದಾರ ಕಟ್ಟಿಕೊಟ್ಟರೆ ಸಾಕು.

ಇದರ ವಿಶೇಷ ಇರುವುದು ನಿದ್ದೆಯಲ್ಲಿ. ಇದು ತಂಪು ಕಾಲದಲ್ಲಿ ಬೆಳೆಯುವ ಗಿಡ. ಸೆಕೆಯ ತಿಂಗಳುಗಳಲ್ಲಿ ಎಲೆ ಹಳದಿಯಾಗಿ, ಬಳ್ಳಿ ಒಣಗಿ, ಗಡ್ಡೆ ಮಾತ್ರ ಉಳಿಯುತ್ತದೆ. ನನ್ನ ಮನೆಯಲ್ಲಿ ಬಳ್ಳಿ ಒಣಗುವುದು ಏಪ್ರಿಲ್ ಕೊನೆಗೆ, ಭರಣಿ ಮಳೆಯ ಹೊತ್ತಿಗೆ. ಮತ್ತೆ ನೆತ್ತಿಯಲ್ಲಿ ಹಸಿರು ಮೊಳಕೆ ಕಾಣುವುದು ಹುಬ್ಬ ಮಳೆಯಲ್ಲೋ ಉತ್ತರೆಯಲ್ಲೋ, ಅಂದರೆ ಸೆಪ್ಟೆಂಬರ್‌ನಲ್ಲಿ. ನಡುವೆ ಏನೇನು ಬಂದುಹೋಯಿತು ನೋಡಿ. ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ. ನಮ್ಮ ಜಡಿಮಳೆ, ಥಂಡಿ, ಗೋಡೆಗೆ ಬೂಷ್ಟು, ವಾರಗಟ್ಟಲೆ ಕಾಣದ ಸೂರ್ಯ, ಎಲ್ಲವನ್ನೂ ಅದು ಒಂದು ಹನಿ ನೀರಿಲ್ಲದೆ ಶೆಲ್ಫಿನ ಮೇಲೆ ಮಲಗಿಯೇ ಕಳೆದಿರುತ್ತದೆ. ಎದ್ದಾಗ ಹೊರಗೆ ಎಳೆ ಬಿಸಿಲು, ತಂಪು ರಾತ್ರಿ, ಒಣ ಗಾಳಿ. ಚಿಕ್ಕಮಗಳೂರಿನ ನವೆಂಬರ್‌ನಿಂದ ಫೆಬ್ರವರಿವರೆಗಿನ ಹವೆ ಇದಕ್ಕೆಂದೇ ಮಾಡಿಸಿದಂತಿದೆ.

ಒಂದು ಎಚ್ಚರಿಕೆ. ಕ್ಯಾಲೆಂಡರ್ ನೋಡಿ ನೀರು ಹಾಕಬೇಡಿ, ಗಿಡ ನೋಡಿ ಹಾಕಿ. ಕೆಲವು ಗಡ್ಡೆಗಳು ಜುಲೈನಲ್ಲೇ ಏಳುತ್ತವೆ, ಕೆಲವು ಒಂದು ವರ್ಷ ಪೂರ್ತಿ ಮಲಗಿಯೇ ಇರುವುದೂ ಉಂಟು. ಮೊಳಕೆ ಬೆರಳುದ್ದ ಆಗುವವರೆಗೆ ತಡೆದು, ಆಮೇಲೆ ಮೊದಲ ನೀರು ಕೊಡಿ. ಕಾಫಿಯ ಮೊಗ್ಗು ಹೂಮಳೆಗೆ ಕಾದು ಕೂರುವುದನ್ನು ನೋಡಿ ಬೆಳೆದವರು ನಾವು. ಇಲ್ಲಿ ಕಾಯಬೇಕಾದದ್ದು ನಾವು. ಬಳ್ಳಿ ಹಸಿರಾಗಿರುವಷ್ಟು ದಿನ ಮೇಲಿನ ಒಂದು ಅಂಗುಲ ಮಣ್ಣು ಒಣಗಿದಾಗ ಪೂರ್ತಿ ನೆನೆಯುವಂತೆ ನೀರು ಹಾಕಿ. ಎಲೆ ಹಳದಿಯಾಗಲು ಶುರುವಾದ ದಿನ ನಿಲ್ಲಿಸಿ.

ಬೆಳಕು ಅಡೀನಿಯಮ್‌ಗೆ ಬೇಕಾದಷ್ಟು ಬೇಡ. ಬಳ್ಳಿಗೆ ಬೆಳಗಿನ ಬಿಸಿಲು ಸಿಕ್ಕು, ಗಡ್ಡೆ ನೆರಳಲ್ಲಿದ್ದರೆ ಚೆನ್ನ. ಮೂಡಿಗೆರೆಯ ನಮ್ಮ ಚಿಕ್ಕಪ್ಪನ ಹಳೇ ಹೆಂಚಿನ ಮನೆಯಲ್ಲಿ ಒಂದು ಆನೆಪಾದವನ್ನು ಗಾಜಿನ ಹೆಂಚಿನ ಕೆಳಗೆ ಇಟ್ಟಿದ್ದೇವೆ. ಮೇಲಿಂದ ಬೀಳುವ ಆ ಒಂದು ಹೆಂಚಿನ ಬೆಳಕಿಗೇ ಬಳ್ಳಿ ಜಂತಿಯವರೆಗೆ ಹತ್ತಿತು. ಗಾಜಿನ ಹೆಂಚಿರುವ ಮನೆಯವರು ಆ ಜಾಗವನ್ನು ಸುಮ್ನೆ ಬಿಡಬೇಡಿ.

ಕಷ್ಟ ಇರುವುದು ಎರಡು ಕಡೆ. ಮೊದಲನೆಯದು, ಬೆಳವಣಿಗೆ ತುಂಬ ನಿಧಾನ. ನಾನು ಬೀಜದಿಂದ ಬೆಳೆಸಿದ್ದು ಐದನೇ ವರ್ಷಕ್ಕೆ ನಿಂಬೆಹಣ್ಣಿನಷ್ಟಾಗಿದೆ. ಎರಡನೆಯದು, ಇದೇ ಹೆಸರಿನಲ್ಲಿ ಮೆಕ್ಸಿಕೊದ ಇನ್ನೊಂದು ಜಾತಿಯೂ ಮಾರಾಟವಾಗುತ್ತದೆ, ಡಯೊಸ್ಕೊರಿಯಾ ಮೆಕ್ಸಿಕಾನಾ. ಅದೂ ದೊಡ್ಡ ಹೆಸರು ಮಾಡಿದ ಗೆಣಸೇ. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ ಮೆಕ್ಸಿಕೊದ ಕಾಡುಗೆಣಸಿನಿಂದ ಪ್ರೊಜೆಸ್ಟೆರಾನ್ ಹಾರ್ಮೋನು ತಯಾರಿಸಿ ತೋರಿಸಿದ್ದು ಇದರಿಂದಲೇ. ಆದರೆ ನಮ್ಮ ಮನೆಗೆ ಬಂದಾಗ ಅದು ನಡೆದುಕೊಳ್ಳುವ ರೀತಿ ತಿರುಗುಮುರುಗು. ಬೆಚ್ಚಗಿನ ಕಾಲದಲ್ಲಿ ಬೆಳೆದು ಚಳಿಗಾಲದಲ್ಲಿ ಮಲಗುತ್ತದೆ. ಮರಿ ಗಡ್ಡೆಗಳು ನೋಡಲು ಒಂದೇ ಥರ. ಎಲೆ ನೋಡಿದರೆ ಗೊತ್ತಾಗುತ್ತದೆ: ಮೆಕ್ಸಿಕೊದ್ದು ದೊಡ್ಡ ಎಲೆ, ತುದಿ ಅರಳಿ ಎಲೆಯ ಹಾಗೆ ಚೂಪಾಗಿ ಎಳೆದಿರುತ್ತದೆ. ಕೇಪ್‌ನದು ಚಿಕ್ಕದು, ಅಗಲವೇ ಹೆಚ್ಚು. ಎಲೆ ಇಲ್ಲದ ಗಡ್ಡೆ ಕೊಳ್ಳುವುದಾದರೆ "ಇದು ಯಾವ ತಿಂಗಳಲ್ಲಿ ಚಿಗುರುತ್ತದೆ?" ಎಂದು ಮಾರುವವರನ್ನು ಕೇಳಿ. ಉತ್ತರ ಕೊಡಲಾಗದವರಿಂದ ಕೊಳ್ಳಬೇಡಿ.

ಸ್ಟೆಫಾನಿಯಾ: ಚೆಂದ, ಆದರೆ

ಸಣ್ಣ ಆಲೂಗಡ್ಡೆಯಂಥ ಗಡ್ಡೆ, ಅದರಿಂದ ದಾರದಂಥ ಕಾಂಡ, ತುದಿಗೆ ತಾವರೆ ಎಲೆಯಂತೆ ದುಂಡನೆಯ ಎಲೆ. ಫೋಟೊ ನೋಡಿದ ಯಾರಿಗಾದರೂ ಬೇಕು ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಥಾಯ್ಲೆಂಡ್ ಮತ್ತು ಅಕ್ಕಪಕ್ಕದ ದೇಶಗಳ ಗಿಡ, ನಮ್ಮ ಅಮೃತಬಳ್ಳಿಯ ಕುಟುಂಬ. ಬೆಳೆಯುವ ಕಾಲದಲ್ಲಿ ತೇವದ ಗಾಳಿ ಇದಕ್ಕೆ ಇಷ್ಟ, ನೇರ ಬಿಸಿಲು ಬೇಡ. ಚಳಿಯಲ್ಲಿ ಮಲಗುತ್ತದೆ. ಕಾಗದದ ಮೇಲೆ ನೋಡಿದರೆ ಮಲೆನಾಡಿಗೆ ಹೇಳಿ ಮಾಡಿಸಿದ್ದು.

ತೊಂದರೆ ಇರುವುದು ಅದು ಬರುವ ದಾರಿಯಲ್ಲಿ. ಮಾರಾಟವಾಗುವ ಗಡ್ಡೆಗಳಲ್ಲಿ ಬಹಳಷ್ಟು ಕಾಡಿನಿಂದ ಕಿತ್ತು, ಬೇರು ಕತ್ತರಿಸಿ, ಒಣಗಿಸಿ ಕಳಿಸಿದವು. ಆನ್‌ಲೈನ್‌ನಲ್ಲಿ ನಾನು ತರಿಸಿದ ಗಡ್ಡೆಯಲ್ಲಿ ಒಂದು ಬೇರೂ ಇರಲಿಲ್ಲ. ಯಾವುದು ಮೇಲು, ಯಾವುದು ಕೆಳಗು ಎಂದು ತಿಳಿಯಲು ಅರ್ಧ ದಿನ ಹಿಡಿಯಿತು. ನಾಲ್ಕು ತಿಂಗಳು ಕಾದೆ, ಒಳಗೆ ಪುಡಿಯಾಗಿತ್ತು. ಬದುಕಿದ್ದರೂ ನನಗೆ ಸಮಾಧಾನ ಇರುತ್ತಿರಲಿಲ್ಲ. ಪಶ್ಚಿಮ ಘಟ್ಟದ ಮಡಿಲಲ್ಲಿ ಕೂತು ಇನ್ನೊಂದು ನಾಡಿನ ಕಾಡು ಬರಿದಾಗುವುದಕ್ಕೆ ದುಡ್ಡು ಕೊಡುವುದು ಸರಿ ಕಾಣಲಿಲ್ಲ. ಬೀಜದಿಂದ ಬೆಳೆಸಿದ, ಬೇರೂ ಎಲೆಯೂ ಇರುವ ಗಿಡ ಸಿಕ್ಕರೆ ಮಾತ್ರ ತನ್ನಿ.

ಉಳಿದವು

ಜಟ್ರೋಫಾ ಪೊಡಾಗ್ರಿಕಾ, ಅಂದರೆ ಬುದ್ಧನ ಹೊಟ್ಟೆ ಗಿಡ, ಮಧ್ಯ ಅಮೆರಿಕದ್ದು. ಹಾಸನದ ಹತ್ತಿರದ ಮಡೆನೂರು ಜೈವಿಕ ಇಂಧನ ಉದ್ಯಾನಕ್ಕೆ ಹೋದವರು ಎಣ್ಣೆಬೀಜದ ಜಟ್ರೋಫಾ ಬಗ್ಗೆ ಕೇಳಿರುತ್ತೀರಿ, ಅದರ ತಂಗಿ ಇದು. ಕೆಂಪು ಹವಳದಂಥ ಹೂಗೊಂಚಲು, ತುಂಬ ಗಟ್ಟಿ ಜೀವ. ಆದರೆ ಬೀಜ ವಿಷ, ಕಾಯಿ ಒಣಗಿದಾಗ ಸಿಡಿದು ದೂರ ಹಾರುತ್ತದೆ. ಅಂಬೆಗಾಲಿಡುವ ಮಗು ಇರುವ ಮನೆಗೆ ಬೇಡವೇ ಬೇಡ.

ಮಡಗಾಸ್ಕರ್‌ನ ಪ್ಯಾಕಿಪೋಡಿಯಮ್‌ಗೆ ಅಡೀನಿಯಮ್‌ಗೆ ಹೇಳಿದ್ದೆಲ್ಲ ಅನ್ವಯಿಸುತ್ತದೆ, ಮೇಲೆ ಮೈತುಂಬ ಮುಳ್ಳು.

ಫಾಕಿಯಾ ಸಿಕ್ಕರೆ ಬಿಡಬೇಡಿ. ಇದೂ ದಕ್ಷಿಣ ಆಫ್ರಿಕಾದ್ದು, ಮೂಲಂಗಿಯಂಥ ದಪ್ಪ ಬುಡ, ತೆಳು ಬಳ್ಳಿ. ಈ ಗುಂಪಿನಲ್ಲಿ ಕಡಿಮೆ ಬೆಳಕನ್ನು ಚೆನ್ನಾಗಿ ಸಹಿಸುವುದು ಇದೇ. ವಿಯೆನ್ನಾದ ಷೋನ್‌ಬ್ರುನ್ ಅರಮನೆಯ ತೋಟದಲ್ಲಿ 200 ವರ್ಷಕ್ಕೂ ಹಿಂದೆ ಕೇಪ್‌ನಿಂದ ತಂದ ಒಂದು ಫಾಕಿಯಾ ಕುಂಡದಲ್ಲೇ ಬದುಕಿ ಬಂದಿದೆ. ನಮ್ಮಲ್ಲಿ ಹುಡುಕಿದರೂ ಸಿಗುವುದು ಅಪರೂಪ.

ಮಣ್ಣು, ಕುಂಡ, ಕಿಟಕಿ

ಯಾವುದನ್ನೇ ಆರಿಸಿ, ತೋಟದ ಕಪ್ಪು ಕಾಡುಮಣ್ಣನ್ನು ಮಾತ್ರ ಹಾಕಬೇಡಿ. ಕಾಫಿಗೆ ಅದು ಚಿನ್ನ, ಇವಕ್ಕೆ ಕೆಸರು. ನಾನು ಬಳಸುವುದು ಒಡೆದ ಮಂಗಳೂರು ಹೆಂಚಿನ ಚೂರು ಎರಡು ಪಾಲು, ಜರಡಿ ಹಿಡಿದು ಧೂಳು ತೆಗೆದ ಎಂ ಸ್ಯಾಂಡ್ ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು. ಹೆಂಚಿನ ಚೂರು ಕಡಲೆಕಾಳಿನ ಗಾತ್ರಕ್ಕಿರಲಿ. ಅದು ತನ್ನೊಳಗೆ ಸ್ವಲ್ಪ ನೀರು ಹಿಡಿದು, ಸುತ್ತ ಗಾಳಿಗೆ ಜಾಗ ಬಿಡುತ್ತದೆ. ಬಯಲುಸೀಮೆಯವರು ಗೊಬ್ಬರದ ಪಾಲು ಸ್ವಲ್ಪ ಹೆಚ್ಚಿಸಬಹುದು.

ಕುಂಡ ಮಣ್ಣಿನದೇ ಇರಲಿ, ಬಣ್ಣ ಬಳಿದದ್ದು ಬೇಡ. ಗಡ್ಡೆಗಿಂತ ಎರಡು ಬೆರಳು ಅಗಲ ಇದ್ದರೆ ಸಾಕು. ದೊಡ್ಡ ಕುಂಡದಲ್ಲಿ ಮಣ್ಣು ಒಣಗುವುದೇ ಇಲ್ಲ. ಮಲೆನಾಡಿನಲ್ಲಿ ಜುಲೈ ತಿಂಗಳ ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿರುತ್ತದೆ. ಊದುಬತ್ತಿ ಉರಿದು ಉಳಿದ ಕಡ್ಡಿಯನ್ನು ತಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ನೋಡಿ. ಕಡ್ಡಿ ತಣ್ಣಗಿದ್ದರೆ ನೀರು ಬೇಡ.

ಪಶ್ಚಿಮದ ಕಿಟಕಿಯನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಮುಂಗಾರಿನ ಎರಚಲು ಬರುವುದೇ ಆ ಕಡೆಯಿಂದ, ನಾಲ್ಕು ತಿಂಗಳು ಮುಚ್ಚಿಯೇ ಇರುತ್ತದೆ. ಪೂರ್ವದ ಕಿಟಕಿ ಎಲ್ಲಕ್ಕಿಂತ ವಾಸಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ಆನೆಪಾದಕ್ಕೆ ದಕ್ಷಿಣದ ಕಿಟಕಿಯೂ ಆದೀತು. ಎಲ್‌ಇಡಿ ಬೆಳಕು ಹಾಕುವುದಾದರೆ ಲೆಕ್ಕ ಹೀಗೆ: 30 ವಾಟಿನ ದೀಪ ದಿನಕ್ಕೆ 12 ಗಂಟೆ ಉರಿದರೆ ತಿಂಗಳಿಗೆ ಸುಮಾರು 11 ಯೂನಿಟ್. ಖರ್ಚು ದೊಡ್ಡದಲ್ಲ. ಆದರೆ ಗಾಳಿಗೆ ಮರ ಬಿದ್ದು ಎರಡು ಮೂರು ದಿನ ಕರೆಂಟೇ ಇಲ್ಲದ ಊರುಗಳಲ್ಲಿ, ದೀಪವನ್ನೇ ನಂಬಿ ಅಡೀನಿಯಮ್ ತರುವುದು ನನಗೆ ಸರಿ ಕಾಣುವುದಿಲ್ಲ.

ಹಿಟ್ಟು ತಿಗಣೆ ಕಾಫಿಗೆ ಬರುವಂತೆ ಇವಕ್ಕೂ ಬರುತ್ತದೆ. ಆನೆಪಾದದ ತೊಗಟೆಯ ಸಂದಿಗಳು ಅದಕ್ಕೆ ಒಳ್ಳೆಯ ಅಡಗುತಾಣ. ಮಲಗಿರುವ ಗಡ್ಡೆಯನ್ನೂ ಹದಿನೈದು ದಿನಕ್ಕೊಮ್ಮೆ ತಿರುಗಿಸಿ ನೋಡಿ. ಬಿಳಿ ಹತ್ತಿಯಂತೆ ಕಂಡರೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ನೀರು ಹಾಕಿ ತೊಳೆಯಲು ಹೋಗಬೇಡಿ.

ಯಾವಾಗ ಕೊಳ್ಳುವುದು

ಮಳೆಗಾಲದಲ್ಲಿ ಯಾವುದನ್ನೂ ಕೊಳ್ಳಬೇಡಿ. ಅಡೀನಿಯಮ್, ಪೋನಿಟೇಲ್ ಆದರೆ ಫೆಬ್ರವರಿ, ಮಾರ್ಚ್. ಹೊಸ ಮಣ್ಣಿಗೆ ಬೇರು ಬಿಡಲು ಮುಂಗಾರಿನ ಮೊದಲು ಮೂರು ತಿಂಗಳು ಸಿಗುತ್ತದೆ. ಆನೆಪಾದವಾದರೆ ಚಿತ್ತೆ, ಸ್ವಾತಿ ಮಳೆಯ ಹೊತ್ತು, ಅಕ್ಟೋಬರ್‌ನಲ್ಲಿ, ಬಳ್ಳಿ ಹಸಿರಾಗಿರುವುದನ್ನು ಕಣ್ಣಾರೆ ನೋಡಿ ತನ್ನಿ. ಗಡ್ಡೆಯನ್ನು ಮೆಲ್ಲಗೆ ಒತ್ತಿ ನೋಡಿ, ಹಸಿ ಗೆಣಸಿನ ಹಾಗೆ ಗಟ್ಟಿ ಇರಬೇಕು. ಬುಡದಲ್ಲಿ, ಮಣ್ಣಿಗೆ ತಾಗುವ ಕಡೆ, ಒಂದು ಚುಕ್ಕೆಯಷ್ಟು ಮೆತ್ತಗಿದ್ದರೂ ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬಿಟ್ಟು ಬನ್ನಿ.